ಚಿತ್ತವಾಡ್ಗಿಯ ಬೆಳ್ಳಿ ತಗಡು

ಓಬಳೇಶನ ಹೆಂಡತಿ ತವರಿಗೆ ಹೋಗಿ ಕೂತದ್ದಕ್ಕೆ ಅತ್ತೆಯೂ ಕಾರಣಳಲ್ಲ, ನಾದಿನಿಯೂ ಅಲ್ಲ. ತಲೆಯ ಮೇಲಿನ ತಗಡು ಕಾರಣ. ಚಿತ್ತವಾಡ್ಗಿಯ ಆ ಸಾಲುಮನೆಗಳಿಗೆಲ್ಲ ಸೇರಿ ಒಂದೇ ಉದ್ದನೆಯ ತಗಡಿನ ಚಾವಣಿ. ಏಪ್ರಿಲ್ ಬಂತೆಂದರೆ ಒಳಗಿದ್ದವರು ಹಂಚಿನ ಮೇಲಿನ ರೊಟ್ಟಿಯಂತೆ ಮಗ್ಗುಲು ಬದಲಿಸುತ್ತ ಮಧ್ಯಾಹ್ನ ಕಳೆಯಬೇಕು. ಮಗಳು ಕಾವ್ಯಳ ಬೆನ್ನ ತುಂಬ ಬೆವರುಸಾಲೆ ಎದ್ದ ದಿನ ಸುಕನ್ಯಾ ಬ್ಯಾಗು ತುಂಬಿದಳು.

"ತಗಡು ತಂಪಾದ ದಿನ ಫೋನ್ ಮಾಡ್ರಿ. ಅಲ್ಲೀತನಕ ನಾವು ಕಂಪ್ಲಿಯಾಗ ಇರ್ತೀವಿ."

ಮೂರು ವಾರವಾಯಿತು. ಓಬಳೇಶ ತಾನೇ ಮಾಡಿದ ಚಿತ್ರಾನ್ನವನ್ನು ತಾನೇ ತಿಂದು, ತಾನೇ ಮುಖ ಕಿವಿಚಿಕೊಂಡ. ಊಟದ ಮಾತು ಹಾಗಿರಲಿ, ಮಗಳ ದನಿಯಿಲ್ಲದ ಮನೆ ಅವನಿಗೆ ನಿಜಕ್ಕೂ ಬೇಡವಾಗಿತ್ತು.

ಕಡೆಗೆ ಹೊಸಪೇಟೆಯ ಪೇಂಟ್ ಅಂಗಡಿಯವನು ಒಂದು ಡಬ್ಬಿ ತೋರಿಸಿದ. ಒಳಗೆ ಡಾಂಬರು, ಅಲ್ಯೂಮಿನಿಯಂ ಪುಡಿ. ಹಚ್ಚಿದರೆ ತಗಡು ಬೆಳ್ಳಿಯಂತಾಗಿ ಬಿಸಿಲನ್ನು ಬಂದ ದಾರಿಗೆ ಹಿಂದಕ್ಕೆ ಕಳಿಸುತ್ತದಂತೆ. "ನಿಮ್ಮಂಥ ಒಂದು ಮನಿಗೆ ಒಂದು ಡಬ್ಬಿ ಕರೆಕ್ಟ್ ಆಗ್ತೈತಿ" ಎಂದ. ಇರೋದೂ ಅದೊಂದೇ ಡಬ್ಬಿ ಎಂದೂ ಹೇಳಿದ.

ವಾರದ ರಜೆಯ ದಿನ ಬೆಳಿಗ್ಗೆ, ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆಯೇ, ಓಬಳೇಶ ಕಂಪ್ಲಿಗೆ ಫೋನ್ ಮಾಡಿದ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವುದು ಅವನ ಜಾಯಮಾನ.

"ಇವತ್ತ ಸಂಜಿಗೆ ಮನಿ ತಂಪು. ಬಂದುಬಿಡು."

"ಎರಡು ಗಂಟೆ ಬಸ್ಸಿಗೆ ಬರ್ತೀನಿ. ಒಳಗ ಕಾವು ಇತ್ತಂದ್ರ, ಬ್ಯಾಗು ಸೈತ ಇಳಸಂಗಿಲ್ಲ, ತಿಳೀತಾ?"

ತಿಳಿಯಿತು. ಓಬಳೇಶ ಪಕ್ಕದೂರಿನ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಹನ್ನೊಂದು ವರ್ಷ ದುಡಿದವನು. ಬೆಂಕಿಪೊಟ್ಟಣದ ಮೇಲೂ ಎಚ್ಚರಿಕೆ ಬರೆದಿದೆಯೇ ಎಂದು ಹುಡುಕುವ ಆಸಾಮಿ. ಡಬ್ಬಿಯ ಮೇಲಿದ್ದುದನ್ನು ಎರಡು ಸಲ ಓದಿದ. ಬೇಗ ಹೊತ್ತಿಕೊಳ್ಳುವ ವಸ್ತು, ಬೆಂಕಿಯಿಂದ ದೂರವಿಡಿ, ಆವಿಯನ್ನು ಉಸಿರಿಗೆ ತೆಗೆದುಕೊಳ್ಳಬೇಡಿ, ನೀರು ಬೆರೆಸಬೇಡಿ. ತಕ್ಷಣ ಕಾರ್ಖಾನೆಯ ಮಾಸ್ಕು, ಕೈಗವಸು, ಕನ್ನಡಕ ಏರಿಸಿಕೊಂಡು ಹೊರಗೆ ಬಂದ.

ಮೊದಲು ಎದುರಾದವನು ಬಲಗಡೆಯ ಮನೆಯ ಮೂಕಣ್ಣ. ಹೆಸರು ಮೂಕಣ್ಣನಾದರೂ ಬಾಯಿಗೆ ಬೀಗವಿಲ್ಲ.

"ಇಷ್ಟು ಗಟ್ಟಿ ಐತಲ್ಲೋ ತಮ್ಮಾ! ಒಂದೀಟು ಪೆಟ್ರೋಲ್ ಹಾಕು, ಬೆಣ್ಣಿಯಂಗ ಹರೀತೈತಿ."

"ಬ್ಯಾಡಣ್ಣ! ಅದರಾಗ ಏನೂ ಹಾಕಬಾರದು. ತಳದಿಂದ ಕಲಸಬೇಕು, ಅಷ್ಟ. ಮೊದಲು ಆ ಬೀಡಿ ಆರಿಸು."

ಮೂಕಣ್ಣ ಮೊಟಕು ಬೀಡಿಯನ್ನು ಆರಿಸಿ ಕಿವಿಗೆ ಸಿಕ್ಕಿಸಿಕೊಂಡು, ಏಣಿ ಹಿಡಿಯುವ ಕೆಲಸವನ್ನು ಕೇಳದೆಯೇ ವಹಿಸಿಕೊಂಡ. ಅವನ ಹೆಂಡತಿ ಬಸಕ್ಕ ಒಂದು ಚೊಂಬು ನೀರು ತಂದಳು. "ಅಷ್ಟು ಬಿಸಲಾಗ ಇಟ್ಟೀಯಲ್ಲ, ಡಬ್ಬಿಗೆ ಸ್ವಲ್ಪ ನೀರು ಸುರುವು" ಎಂದಳು. ನೀರು ಸೇರಿಸಿ ಮುಚ್ಚಳ ಹಾಕಿದರೆ ಒಳಗೆ ಗ್ಯಾಸಾಗಿ ಡಬ್ಬಿಯೇ ಉಬ್ಬುತ್ತದೆಂದು ಓಬಳೇಶ ವಿವರಿಸಿದ. ಬಸಕ್ಕ ಆ ನೀರನ್ನು ತಾನೇ ಕುಡಿದು ಒಳಗೆ ಹೋದಳು.

ನಿಜವಾದ ಕಂಟಕವಿದ್ದದ್ದು ಎಡಗಡೆ. ಸಾಲಿನ ಮೊದಲ ಮನೆ ಗಾಳೆಮ್ಮನದು. ಅದರ ಹೊರಮೂಲೆಯಲ್ಲಿ ಅವಳ ಮಿರ್ಚಿ ಒಲೆ ಧಗಧಗ ಉರಿಯುತ್ತಿತ್ತು.

"ಅಕ್ಕಾ, ಇವತ್ತೊಂದಿನ ಒಲಿ ಆರಿಸ್ತೀಯಾ? ಕಿಡಿ ಹಾರಿದ್ರ ಅಪಾಯ."

"ಎಣ್ಣಿ ಕಾದೈತಿ, ಹಿಟ್ಟು ಕಲಿಸೀನಿ. ಶಿಫ್ಟ್ ಬಿಟ್ಟ ಮಂದಿ ಬರೋ ಹೊತ್ತು. ನಿನ್ನ ತಗಡು ನಾಳಿ ಎಲ್ಲಿ ಓಡಿಹೋಗ್ತೈತಿ?"

"ನಾಳಿ ಅಂದ್ರ ಸುಕನ್ಯಾ ಬರಂಗಿಲ್ಲಕ್ಕ!" ಮಾಸ್ಕಿನೊಳಗಿಂದಲೂ ದನಿ ನಡುಗಿದ್ದು ಕೇಳಿಸಿತು.

ಗಾಳೆಮ್ಮನ ಮನಸ್ಸು ಕರಗಿತು, ಒಲೆ ಆರಲಿಲ್ಲ. "ಹಂಗಾರ ದೂರ ಹಚ್ಚು. ಎಷ್ಟು ದೂರ ಬೇಕು?"

"ಫ್ಯಾಕ್ಟರಿ ಲೆಕ್ಕ ಮೂವತ್ತೈದು ಅಡಿ."

"ಇಪ್ಪತ್ತು."

"ಇದೇನು ಬದನಿಕಾಯಿ ಅಲ್ಲಕ್ಕ!"

ಬದನೆಕಾಯಿಯಂತೆಯೇ ಚೌಕಾಸಿ ನಡೆದು ಇಪ್ಪತ್ತೈದಕ್ಕೆ ಕುದುರಿತು. ಒಲೆಗೆ ತಗಡು ಅಡ್ಡ ಇಡಬೇಕು, ಗಾಳಿ ಈ ಕಡೆ ತಿರುಗಿದರೆ ಉರಿ ಸಣ್ಣ ಮಾಡಬೇಕು ಎಂದೂ ಒಪ್ಪಂದವಾಯಿತು. ಓಬಳೇಶ ಸಾಲಿನ ಇನ್ನೊಂದು ತುದಿಯ ಬೇವಿನ ಮರದ ಕಡೆಯಿಂದ ಏಣಿ ಹತ್ತಿದ. ಮೊಳೆಯ ಸಾಲಿನ ಮೇಲೆ ಹಲಗೆ ಹಾಕಿಕೊಂಡು ಗಾಳೆಮ್ಮನ ತುದಿಯವರೆಗೆ ಹೋಗಿ, ಒಲೆಯ ನೇರಕ್ಕೆ ಟೇಪು ಸಿಕ್ಕಿಸಿ, ಕುಕ್ಕರಗಾಲಲ್ಲಿ ಹಿಂದಕ್ಕೆ ಸರಿಯುತ್ತ ಬಂದ. ಬೆವರಿಗೆ ಕನ್ನಡಕ ಮಂಜಾಗಿತ್ತು. ಟೇಪಿನ ಅಂಕಿಯೊಂದನ್ನು ಬಿಟ್ಟು ಅವನಿಗೆ ಪ್ರಪಂಚದಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಇಪ್ಪತ್ತೈದು ಬಂದಲ್ಲಿ ಸುಣ್ಣದಕಡ್ಡಿಯಿಂದ ಗೆರೆ ಎಳೆದ. ಗೆರೆಯಿಂದಾಚೆಗೆ ಬ್ರಶ್ಶು ಹಿಡಿದ. ಗೆರೆಯಿಂದೀಚೆಗೆ ಒಂದು ಹನಿ ಬೀಳದಂತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ.

ಕೆಳಗಿನಿಂದ ಮೂಕಣ್ಣನ ಮಾರ್ಗದರ್ಶನ ನಿಲ್ಲಲಿಲ್ಲ. "ಆ ಮೂಲಿ ಉಳೀತು ನೋಡು! ಇಲ್ಲಿ ತೆಳ್ಳಗಾತು! ಇನ್ನೊಂದು ಕೈ ಹೊಡಿ!" ಎಂದೂ ಇಲ್ಲದ ಮುತುವರ್ಜಿ. ಓಬಳೇಶನಿಗೆ ಅವನ ಮೇಲೆ ಮಮತೆಯೇ ಬಂತು.

ಹನ್ನೊಂದಕ್ಕೆ ಡಬ್ಬಿ ಖಾಲಿಯಾಯಿತು, ತಗಡು ಥಳಥಳಿಸಿತು. ಇಳಿದು ಬಂದವನ ಮೀಸೆ, ಹುಬ್ಬು, ಬಲಗಿವಿ ಎಲ್ಲ ಬೆಳ್ಳಿ. ಗಾಳೆಮ್ಮ ಬಂದು ಶೇಂಗಾ ಎಣ್ಣೆ ಹಚ್ಚಿ ತಿಕ್ಕಿದಳು. ಬಣ್ಣದ ಜೊತೆ ಮೀಸೆಯೂ ಅರ್ಧ ಕಿತ್ತು ಬಂತು. ಪೇಂಟಿನ ಬಟ್ಟೆಗಳನ್ನು ಅವನು ಒಲೆಯಿಂದ ದೂರ, ಮುಚ್ಚಳದ ಬಕೆಟ್ಟಿನಲ್ಲಿ ಹಾಕಿಟ್ಟ. ವಾಸನೆ ಹೋಗಲೆಂದು ಸಾಲಿನ ಬಾಗಿಲು ಕಿಟಕಿಗಳನ್ನೆಲ್ಲ ತೆಗೆಸಿ, ತಾನು ಒಳಗೆ ಕಾಲಿಡದೆ ಬೇವಿನ ನೆರಳಲ್ಲೇ ಕೂತ. ಮೂರು ಗಂಟೆಗೆ ಪುಟ್ಟ ಕಾವ್ಯಳಿಗೆಂದು ಕಲ್ಲಂಗಡಿ ಹಣ್ಣೂ ತಂದ.

ಮೂರೂವರೆಗೆ ಆಟೋ ಬಂದು ನಿಂತಿತು. ಸುಕನ್ಯಾ ಇಳಿದು ಕೈ ಅಡ್ಡಹಿಡಿದು ಮೇಲೆ ನೋಡಿದಳು.

"ಏನ್ ಹೊಳೀತೈತ್ರಿ! ಮಸ್ತ್ ಮಾಡೀರಿ!"

ಓಬಳೇಶನ ಅರ್ಧ ಮೀಸೆ ಅರಳಿತು. ಸುಕನ್ಯಾ ಒಳಗೆ ಹೆಜ್ಜೆಯಿಟ್ಟಳು. ಹೋದಷ್ಟೇ ವೇಗದಲ್ಲಿ ಹೊರಗೆ ಬಂದಳು.

"ಭಟ್ಟಿ ಇದ್ದಂಗ ಐತಲ್ಲರೀ! ಎಲ್ಲಿ ತಂಪು?"

ಓಬಳೇಶ ಒಳಗೆ ಓಡಿ ನೋಡಿದ. ನಿಜವೇ. ಅಷ್ಟರಲ್ಲಿ ಪಕ್ಕದ ಬಾಗಿಲಲ್ಲಿ ಬಸಕ್ಕ ಕಾಣಿಸಿಕೊಂಡಳು. "ಬಿಸಲಾಗ ಯಾಕ ನಿಂತಿ? ಬಾರೇ ಸುಕನ್ಯಾ, ನಮ್ಮನಿ ಹೆಂಗ ತಂಪಾಗೈತಿ ನೋಡು ಬಾ. ಮಧ್ಯಾಹ್ನದಿಂದ ನನಗ ಎದ್ದು ಬರಾಕ ಮನಸ್ಸಾಗವಲ್ದು!"

ಓಬಳೇಶ ಹೊರಗೆ ಓಡಿ ಬಂದ. ಟೇಪು ಹಿಡಿದು ಈ ಸಲ ನೆಲದ ಮೇಲೆ ಅಳೆದ. ಗಾಳೆಮ್ಮನ ಮನೆ ಹನ್ನೆರಡು ಅಡಿ. ತನ್ನದು ಹನ್ನೆರಡು ಅಡಿ. ಇಪ್ಪತ್ತೈದು ಮೂಕಣ್ಣನ ಹೊಸ್ತಿಲ ಬಳಿ ಬಿತ್ತು. ಒಂದೇ ಒಂದು ಹನಿಯೂ ತನ್ನ ತಗಡಿಗೆ ಬೀಳದ ಹಾಗೆ ಅಷ್ಟು ಶ್ರದ್ಧೆಯಿಂದ ಕಾಯ್ದವನು ತಾನೇ.

"ಅಣ್ಣಾ, ನಿಮ್ಮ ಮನಿ ಮ್ಯಾಲ ಹಚ್ಚಾಕತ್ತೀನಿ ಅಂತ ಹೇಳಬಾರದಾ?"

ಮೂಕಣ್ಣ ಸಂಕೋಚದಿಂದ ತಲೆ ಕೆರೆದುಕೊಂಡ. "ದೊಡ್ಡ ಮನಸ್ಸು, ಮೊದಲು ನಮ್ಮದು ಮುಗಿಸಾಕತ್ತಾನ ಅನ್ಕೊಂಡೆ ತಮ್ಮಾ. ಕೇಳಿದ್ರ ಎಲ್ಲಿ ನಿಲ್ಲಿಸಿಬಿಡ್ತೀಯೋ ಅಂತ ಸುಮ್ಮನಾದೆ."

ಓಬಳೇಶ ಅಂಗಡಿಗೆ ಫೋನ್ ಹಚ್ಚಿದ. ಮಾಲು ಬರುವುದು ಹದಿನೈದು ದಿನದ ಮೇಲಂತೆ. ಇನ್ನು ಹೆಂಡತಿ ಮಗಳು ಮರಳಿ ಬಸ್ಸು ಹತ್ತುವುದೇ ಎಂದು ಅವನು ಬ್ಯಾಗು ಎತ್ತಿಕೊಂಡು ಪೆಚ್ಚಾಗಿ ನಿಂತ.

ಸುಕನ್ಯಾ ಬಸ್ಸು ಹತ್ತಲಿಲ್ಲ. ಬಸಕ್ಕನ ನಡುಮನೆಯಲ್ಲಿ ಚಾಪೆ ಹಾಸಿ ಕಾಲು ಚಾಚಿದ್ದಳು. ಕಾವ್ಯ ಆಗಲೇ ನಿದ್ದೆ ಹೋಗಿದ್ದಳು. ಎರಡು ಮನೆಯ ನಡುವಿನ ಗೋಡೆಯ ಮೇಲಿಂದ ಸುಕನ್ಯಾಳ ದನಿ ತೇಲಿ ಬಂತು.

"ರೀ, ತಗಡು ಆಗೋತನಕ ನಾವು ಇಲ್ಲೇ ಇರ್ತೀವಿ. ಬಸಕ್ಕಾನ ಇರು ಅಂದಾರ. ಆ ಬ್ಯಾಗು ಇಲ್ಲಿ ತರ್ರಿ. ದಿಂಬೂ ತರ್ರಿ. ಹಂಗ ಬರೂಮುಂದ ನಮ್ಮ ಟೇಬಲ್ ಫ್ಯಾನು ತಂದುಬಿಡ್ರಿ, ಕಾವ್ಯ ಬೆವರಾಕತ್ಯಾಳ."

ಓಬಳೇಶ ಒಳಗೆ ಹೋಗಿ ಫ್ಯಾನಿನ ಪ್ಲಗ್ಗು ಕಿತ್ತ.