ಅಂಬಕ್ಕನಿಗೊಂದು ಗಾಲಿಕುರ್ಚಿ

ನನ್ನ ತಲೆಯೊಳಗೆ ಒಂದು ವಿಚಾರ ಹೊಕ್ಕಿತೆಂದರೆ ಅದನ್ನು ಹೊರಗೆ ಹಾಕಲು ಇಡೀ ಆದವಾನಿಯಲ್ಲಿ ಯಾರಿಂದಲೂ ಆಗದು. ನನ್ನ ಹೆಂಡತಿ ಮಹಾಂತಮ್ಮ ಹದಿನೆಂಟು ವರ್ಷ ಪ್ರಯತ್ನಿಸಿ ಕೈಬಿಟ್ಟಿದ್ದಾಳೆ. ಸಾವಿರದ ಒಂಬೈನೂರ ಮೂವತ್ತೆಂಟರ ಬೇಸಿಗೆಯಲ್ಲಿ ಹೊಕ್ಕ ವಿಚಾರವಂತೂ ಸಾಮಾನ್ಯದ್ದಲ್ಲ. ನಮ್ಮಕ್ಕ ಅಂಬಮ್ಮನನ್ನು ನೆಲದಿಂದ ಎತ್ತಿ ಸಿಂಹಾಸನದ ಮೇಲೆ ಕೂಡಿಸುವುದು! ಅದೂ ಉರುಳುವ ಸಿಂಹಾಸನ!

ಅಂಬಕ್ಕನಿಗೆ ಒಂಬತ್ತನೆಯ ವರ್ಷದಲ್ಲಿ ಬಂದ ಜ್ವರ, ಹೋಗುವಾಗ ಎರಡೂ ಕಾಲುಗಳ ಬಲವನ್ನು ತೆಗೆದುಕೊಂಡು ಹೋಗಿತ್ತು. ಅಂದಿನಿಂದ ನಲವತ್ತು ವರ್ಷ, ಅಂಗೈ ಊರಿ ಮೈಯನ್ನು ಮುಂದಕ್ಕೆ ಎಳೆದುಕೊಂಡೇ ಅವಳ ಓಡಾಟ. ಓಡಾಟವೆಂದರೆ ಓಡಾಟವೇ! ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಅವಳು ಅಡಿಗೆಮನೆಯಿಂದ ಹಿತ್ತಲಿಗೆ ಹೋಗಿ ಬಂದಿರುತ್ತಿದ್ದಳು. ಮನೆಯ ರೊಟ್ಟಿಯೆಲ್ಲ ಅವಳ ಕೈಯದೇ.

ಆ ಬೇಸಿಗೆ ಅವಳ ಬಲ ಅಂಗೈಯಲ್ಲಿ ಹುಣ್ಣಾಯಿತು. ಬಂಡೆಯ ನೆಲ, ಸುಡುವ ಅಂಗಳ, ಮಾಯಲೇ ಇಲ್ಲ. ಬಾಡಿಗೆ ಗಾಡಿ ಮಾಡಿಕೊಂಡು ಪೇಟೆಯ ಧರ್ಮಾಸ್ಪತ್ರೆಗೆ ಕರೆದೊಯ್ದೆ. ಆ ಆಸ್ಪತ್ರೆಗೆ ಒಂಬತ್ತು ಮೆಟ್ಟಿಲು. ಕಟ್ಟಿಸಿದ ಪುಣ್ಯಾತ್ಮರಿಗೆ ರೋಗಿಗಳಿಗಿಂತ ಮೆಟ್ಟಿಲುಗಳ ಮೇಲೆಯೇ ಪ್ರೀತಿ ಹೆಚ್ಚಿದ್ದಿರಬೇಕು. ಹುಣ್ಣಿನ ಕೈಗೆ ಅರಿವೆ ಸುತ್ತಿಕೊಂಡು, ಕಾದ ಕಲ್ಲಿನ ಮೇಲೆ ಆ ಕೈಯನ್ನೇ ಊರುತ್ತ ಅಂಬಕ್ಕ ಒಂಬತ್ತನ್ನೂ ಹತ್ತಿದಳು. ನಾನು ಕೊಡೆ ಹಿಡಿದುಕೊಂಡು ಪಕ್ಕದಲ್ಲಿ ನಡೆದೆ. ಕೊಡೆ ನನ್ನ ತಲೆಯ ಮೇಲೇ ಇತ್ತೆಂಬುದು ಆಮೇಲೆ ಗೊತ್ತಾಯಿತು.

ಡಾಕ್ಟರು ಕೈ ನೋಡಿ ಮುಖ ಗಂಟು ಹಾಕಿದರು. "ಕೀವು ಮೇಲಕ್ಕೇರಿದರೆ ಕೈಯನ್ನೇ ತೆಗೆಯಬೇಕಾದೀತು. ಇನ್ನು ಈ ಕೈ ನೆಲಕ್ಕೆ ಊರಕೂಡದು. ದಿನ ಬಿಟ್ಟು ದಿನ ಬಂದು ಪಟ್ಟಿ ಕಟ್ಟಿಸಿಕೊಳ್ಳಬೇಕು."

"ಕೈ ಊರಬ್ಯಾಡ ಅಂತೀರಿ, ದಿನ ಬಿಟ್ಟು ದಿನ ಬಾ ಅಂತೀರಿ. ಹಾರಿ ಬರಬೇಕೇನ್ರಿ?" ಎಂದಳು ಅಂಬಕ್ಕ.

ಡಾಕ್ಟರು ನಕ್ಕರು. ನನಗೆ ನಗೆ ಬರಲಿಲ್ಲ. ಎಲ್ಲರಿಗೂ ಕೈ ಹೋದರೆ ಕೈ ಹೋಗುತ್ತದೆ. ನಮ್ಮಕ್ಕನಿಗೆ ಕೈಯ ಜೊತೆ ಕಾಲೂ ಹೋಗುತ್ತಿತ್ತು.

ಆಗ ಹೊಳೆಯಿತು ವಿಚಾರ! ನಾನು ಗುಮಾಸ್ತನಾಗಿದ್ದ ಹತ್ತಿ ಮಿಲ್ಲಿನ ಆಫೀಸಿಗೆ ಒಂದು ಇಂಗ್ಲಿಷ್ ವಾರಪತ್ರಿಕೆ ಬರುತ್ತಿತ್ತು. ಅದರಲ್ಲಿ ಒಬ್ಬ ಮುದುಕ ದೊರೆ ಗಾಲಿಕುರ್ಚಿಯ ಮೇಲೆ ಕೂತು ಹಸಿರು ಹುಲ್ಲಿನ ತೋಟದಲ್ಲಿ ವಿಹರಿಸುತ್ತಿದ್ದ ಚಿತ್ರವನ್ನು ನೋಡಿದ್ದೆ. ಅದನ್ನು ಕತ್ತರಿಸಿಕೊಂಡು ಬಡಗಿ ಉಚ್ಚೀರಪ್ಪನ ಹತ್ತಿರ ಹೋದೆ. ಮಿಲ್ಲಿನಲ್ಲಿ ಮೂಲೆಗೆಸೆದ ಕುರ್ಚಿ, ಹಳೆಯ ಸೈಕಲ್ಲಿನ ಎರಡು ಗಾಲಿ, ಹತ್ತಿ ಬೇಲು ಸಾಗಿಸುವ ತಳ್ಳುಗಾಡಿಯ ಎರಡು ಕಬ್ಬಿಣದ ಸಣ್ಣ ಗಾಲಿ, ಇವಿಷ್ಟನ್ನೂ ಅವನ ಮುಂದೆ ಸುರಿದೆ.

ಉಚ್ಚೀರಪ್ಪ ಚಿತ್ರವನ್ನು ನೆಟ್ಟಗೆ, ಅಡ್ಡಡ್ಡ, ತಲೆಕೆಳಗು ಮಾಡಿ ನೋಡಿದ. "ಅಂಬಕ್ಕನ್ನ ಒಂದು ಮಾತು ಕೇಳೀರೇನ್ರಿ ಸ್ವಾಮೇರ?"

"ಕೇಳಿದ್ರ ಬ್ಯಾಡ ಅಂತಾಳ. ಆಕಿಗೆ ಇದೆಲ್ಲ ಏನು ಗೊತ್ತಾಗತೈತಿ? ನೀ ಚಿತ್ರ ನೋಡು, ಮಾಡು!"

ಮಾಡಿದ. ನಾಲ್ಕನೆಯ ದಿನ ಇಬ್ಬರು ಹಮಾಲರು ಅದನ್ನು ಹೊತ್ತು ನಮ್ಮ ಮನೆಬಾಗಿಲಿಗೆ ತಂದರು. ಅದಕ್ಕೆ 'ಚತುಶ್ಚಕ್ರ ಸುಖಾಸನ' ಎಂದು ನಾಮಕರಣವನ್ನೂ ಮಾಡಿಟ್ಟಿದ್ದೆ. ಸುಖಾಸನ ಬಾಗಿಲಲ್ಲಿ ನಿಂತಿತು. ಒಳಗೆ ಬರಲಿಲ್ಲ. ಬಾಗಿಲಿಗಿಂತ ಒಂದು ಗೇಣು ಅಗಲ!

"ಅಳತಿ ತಗೊಂಡಿದ್ರೇನ್ರಿ?" ಎಂದಳು ಮಹಾಂತಮ್ಮ.

"ತಗೊಂಡಿದ್ದೆ."

"ಬಾಗಿಲದ್ದೋ?"

"ಚಿತ್ರದ್ದು."

ಗಾಲಿ ಬಿಚ್ಚಿ, ಹೊಸ್ತಿಲು ದಾಟಿಸಿ, ಪಡಸಾಲೆಯಲ್ಲಿ ಮತ್ತೆ ಜೋಡಿಸಿದೆವು. ಅಂಬಕ್ಕನನ್ನು ಎತ್ತಿ ಕೂಡಿಸಿದೆ. ಅವಳು ಸುತ್ತ ನೋಡಿದಳು. ನಾನು ಆನಂದಬಾಷ್ಪಕ್ಕಾಗಿ ಕಾದೆ.

"ಹಾಲಪ್ಪ, ಒಲಿ ಎಲ್ಲಿ ಹೋತೋ?"

ಒಲೆ ಕೆಳಗೆ ಇತ್ತು. ರೊಟ್ಟಿ ತಟ್ಟುವ ಮರದ ಹರಿವಾಣ ಕೆಳಗೆ, ಬೀಸುವ ಕಲ್ಲು ಕೆಳಗೆ, ನೀರಿನ ಕೊಡ ಕೆಳಗೆ, ಊಟದ ತಟ್ಟೆ ಕೆಳಗೆ. ನಮ್ಮ ಮನೆಯಲ್ಲಿ ಎತ್ತರದಲ್ಲಿದ್ದದ್ದು ಎರಡೇ: ಅಟ್ಟ ಮತ್ತು ಅಂಬಕ್ಕ. ಅರ್ಧ ತಾಸು ನನ್ನ ಮನಸ್ಸು ನೋಯಬಾರದೆಂದು ಕೂತಿದ್ದು, ಆಮೇಲೆ ಎಡಗೈ ಊರಿ ತಾನೇ ಕೆಳಗಿಳಿದಳು.

"ಗಾಲಿಕುರ್ಚಿ ಅಂದ್ರಿ, ಖಾಲಿ ಕುರ್ಚಿ ಆತಲ್ರಿ!" ಎಂದಳು ನನ್ನ ಹೆಂಡತಿ.

"ಇದು ಮನಿಗಲ್ಲ, ದವಾಖಾನಿಗೆ! ನಾಳೆ ನೋಡು!" ಎಂದು ಗುಡುಗಿದೆ.

ಮರುದಿನ ಅದೇ ಹಮಾಲರನ್ನು ಕರೆಸಿ ಮತ್ತೆ ಬಿಚ್ಚಿದೆವು, ದಾಟಿಸಿದೆವು, ಬೀದಿಯಲ್ಲಿ ಜೋಡಿಸಿದೆವು. ದೊರೆಯ ತೋಟದಲ್ಲಿ ಹುಲ್ಲಿತ್ತು. ನಮ್ಮ ಬೀದಿಯಲ್ಲಿ ಇದ್ದದ್ದು ಕಲ್ಲು. ಕಬ್ಬಿಣದ ಗಾಲಿಗಳ ಗಡಗಡ ಸದ್ದಿಗೆ ಅಂಗಡಿಯವರೆಲ್ಲ ಹೊರಗೆ ಬಂದು ನಿಂತರು. ಅಂಬಕ್ಕ ಸೆರಗನ್ನು ಮುಖದ ತನಕ ಎಳೆದುಕೊಂಡಳು. ನಲವತ್ತು ವರ್ಷ ಅದೇ ಬೀದಿಯಲ್ಲಿ ಕೈಯೂರಿ ಹೋದಾಗ ಅವಳು ಮುಖ ಮುಚ್ಚಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಈಗ ಕಂಡೂ ತಳ್ಳಿದೆ.

ಆಸ್ಪತ್ರೆಯ ಮುಂದೆ ನಿಂತಾಗ ಒಂಬತ್ತು ಮೆಟ್ಟಿಲು ನನ್ನನ್ನು ನೋಡಿದವು. ಚಿತ್ರದಲ್ಲಿ ಮೆಟ್ಟಿಲು ಇರಲಿಲ್ಲ!

"ಇಳಸೋ, ನಾನ ಹತ್ತತೀನಿ," ಎಂದಳು ಅಂಬಕ್ಕ.

"ಕೂಡಕ್ಕಾ! ಕೈ ಊರಬ್ಯಾಡ ಅಂದಾರ!" ಎಂದು ಹಮಾಲರಿಬ್ಬರಿಗೆ ಮುಂದಿನಿಂದ ಎತ್ತಲು ಹೇಳಿ ನಾನು ಹಿಂದೆ ಹೆಗಲು ಕೊಟ್ಟೆ. ಆರನೆಯ ಮೆಟ್ಟಿಲಿನ ತನಕ ವಿಜಯಯಾತ್ರೆ. ಅಲ್ಲಿ ಮುಂದಿನ ಒಂದು ಗಾಲಿ ಕಳಚಿತು. ಜೋಡಿಸುವಾಗ ನಾನು ಅದರ ಕೀಲು ಹಾಕಿರಲೇ ಇಲ್ಲ! ಗಾಲಿ ಟಣ್ ಟಣ್ ಎಂದು ಒಂದೊಂದೇ ಮೆಟ್ಟಿಲು ಇಳಿದು ಬೀದಿಗೆ ಹೋಯಿತು. ಕುರ್ಚಿ ವಾಲಿತು. ಅಂಬಕ್ಕ ಸರಕ್ಕನೆ ಎಡಗೈಯಲ್ಲಿ ಮೆಟ್ಟಿಲಿನ ಅಂಚು ಹಿಡಿದು ಕಲ್ಲಿನ ಮೇಲೆ ಕೂತುಬಿಟ್ಟಳು. ಹಮಾಲರು ಕೈಬಿಟ್ಟರು. ಸುಖಾಸನವೂ ನಾನೂ ಒಟ್ಟಿಗೆ ಕೆಳಗೆ ಬಂದೆವು. ಅದು ಮೇಲೆ, ನಾನು ಕೆಳಗೆ.

ಬಲಗಾಲು ಲಟ್ಟೆಂದಿತು. ಕಣ್ಣು ಬಿಟ್ಟಾಗ ಕಂಡದ್ದು, ಉಳಿದ ಮೂರು ಮೆಟ್ಟಿಲನ್ನು ಒಂದೇ ಕೈಯಲ್ಲಿ ಹತ್ತುತ್ತಿದ್ದ ನಮ್ಮಕ್ಕ. "ಶ್ರೀರಾಮುಲೂ! ನಮ್ಮ ತಮ್ಮನ ಕಾಲು ಮುರದೈತಿ, ಜಲ್ದಿ ಬಾರಪ್ಪೋ!"

ಕಾಂಪೌಂಡರ್ ಶ್ರೀರಾಮುಲು "ಅಯ್ಯಯ್ಯೋ, ಏಮೈಂದಿ, ಏನಾತು?" ಎನ್ನುತ್ತ ಓಡಿ ಬಂದ. ಹಿಂದೆಯೇ ಡಾಕ್ಟರು ಬಂದರು. ಬಿದಿರಿನ ದಬ್ಬೆ, ಪಟ್ಟಿ, ಔಷಧದ ಪೆಟ್ಟಿಗೆ, ಕೂಡಲು ಸ್ಟೂಲು, ಎಲ್ಲವೂ ಮೆಟ್ಟಿಲಿಳಿದು ಬಂದವು. ಬೇವಿನ ಮರದ ನೆರಳಿನಲ್ಲಿ ನನ್ನ ಕಾಲಿಗೆ ಪಟ್ಟಿ ಬಿತ್ತು. ಅಂಬಕ್ಕ ಮೇಲಿನ ಮೆಟ್ಟಿಲ ಮೇಲೆ ಕೂತು ಅದನ್ನೆಲ್ಲ ನೋಡುತ್ತಿದ್ದಳು. ನೋವಿನ ನಡುವೆಯೂ ನನಗೆ ಅವಳ ಮುಖ ನೋಡಲಾಗಲಿಲ್ಲ.

ನಲವತ್ತು ದಿನ ಕಾಲು ನೆಲಕ್ಕಿಡಬಾರದೆಂದು ಅಪ್ಪಣೆಯಾಯಿತು. ಮನೆಯಲ್ಲಿ, ಕಳಚಿದ ಗಾಲಿಗೆ ಕೀಲು ಹಾಕಿಸಿ, ಕುರ್ಚಿಯನ್ನು ನನಗೇ ಕೊಟ್ಟರು. ಎರಡನೆಯ ದಿನ ನೀರಡಿಕೆಯಾಗಿ ಬಗ್ಗಿದೆ, ಕೊಡ ಸಿಗಲಿಲ್ಲ. ಬಚ್ಚಲಿಗೆ ಹೋಗಬೇಕಾಯಿತು, ಬಚ್ಚಲ ಬಾಗಿಲು ಒಂದೇ ಮೊಳ ಅಗಲ. ಮೂರನೆಯ ದಿನ ಮಾನ ಬಿಟ್ಟು ಕೆಳಗಿಳಿದು ಅಂಬಕ್ಕನಂತೆಯೇ ಕೈಯೂರಿ ಹೊರಟೆ. ಪಡಸಾಲೆ ದಾಟುವಷ್ಟರಲ್ಲಿ ಅಂಗೈ ಕೆಂಪಗಾಗಿ ಉರಿಯತೊಡಗಿತು. ಅಂಗಳದ ಅಂಚಿನಲ್ಲಿ ಕೂತುಬಿಟ್ಟೆ.

"ಅಕ್ಕಾ, ನಿನಗ ಏನು ಬೇಕಿತ್ತು?" ಎಂದು ಕೇಳಿದೆ. ನಲವತ್ತು ವರ್ಷದಲ್ಲಿ ಮೊದಲ ಸಲ.

ಅವಳು ಯೋಚಿಸಲೇ ಇಲ್ಲ, ಉತ್ತರ ಸಿದ್ಧವಿತ್ತು. "ನಾಕು ಬಟ್ಟು ಎತ್ತರದ ಒಂದು ಹಲಗಿ. ಅಡೀಗೆ ನಾಕು ಸಣ್ಣ ಗಾಲಿ, ಮ್ಯಾಲ ಹತ್ತಿ ತುಂಬಿದ ಮೆತ್ತಿ. ನೆಲಕ್ಕ ಒತ್ತಾಕ ಎರಡು ಕಟ್ಟಿಗಿ ಹಿಡಿ. ಅಂಗೈ ನೆಲಕ್ಕ ತಾಗಂಗಿಲ್ಲ, ಒಲಿನೂ ದೂರ ಆಗಂಗಿಲ್ಲ."

"ಮತ್ತ ಯಾಕ ಹೇಳ್ಲಿಲ್ಲ?"

"ನೀ ಬಾಳ ಖುಷಿಯಾಗಿದ್ದೆಲ್ಲೋ ತಮ್ಮಾ," ಎಂದಳು.

ಉಚ್ಚೀರಪ್ಪ ಒಂದೇ ಮುಂಜಾನೆಯಲ್ಲಿ ಮಾಡಿಕೊಟ್ಟ. ಮರುದಿನ ಅಂಬಕ್ಕ ಮಹಾಂತಮ್ಮನ ಜೊತೆ ಹಲಗೆಯ ಮೇಲೆಯೇ ಆಸ್ಪತ್ರೆಗೆ ಹೋದಳು. ನಾನು ಮನೆಯಲ್ಲೇ, ನಡೆದದ್ದನ್ನು ಮಹಾಂತಮ್ಮ ಬಂದು ಹೇಳಿದಳು. ಅಂಬಕ್ಕ ಮೆಟ್ಟಿಲ ಬುಡದಲ್ಲೇ ಹಲಗೆ ನಿಲ್ಲಿಸಿ ಕೂಗಿದಳಂತೆ: "ಡಾಕ್ಟ್ರ, ನಮ್ಮ ತಮ್ಮಗ ಇಳಿದು ಬಂದಿದ್ರಿ. ನನಗೂ ಇಳೀರಿ!" ಡಾಕ್ಟರು ಕಿಟಕಿಯಿಂದ ನೋಡಿದರಂತೆ. ಪೆಟ್ಟಿಗೆ ಹಿಡಿದು ಇಳಿದರಂತೆ. ಬೇವಿನ ಕೆಳಗೆ ಪಟ್ಟಿ ಕಟ್ಟುವುದನ್ನು ಕಂಡು, ಮೆಟ್ಟಿಲು ನೋಡಿ ಹಿಂದಿರುಗುತ್ತಿದ್ದ ತುಂಬು ಬಸುರಿಯೊಬ್ಬಳು ಅಲ್ಲೇ ಕೂತಳಂತೆ, ಆಮೇಲೆ ಒಬ್ಬ ಕುಂಟ ಮುದುಕ. ಮುಂದಿನ ವಾರಕ್ಕೆ ಶ್ರೀರಾಮುಲು ಅಲ್ಲೊಂದು ಬೆಂಚು ಹಾಕಿಸಿದ. ಅಂಬಕ್ಕನ ಕೈ ಮಾಯಿತು.

ಸುದ್ದಿ ಆಸ್ಪರಿ ಎಂಬ ಊರಿನ ತನಕ ಹೋಯಿತು. ಅಲ್ಲಿಂದ ಹತ್ತಿ ಹಿಂಜುವ ದಸ್ತಗಿರಮ್ಮ ಎತ್ತಿನ ಗಾಡಿಯಲ್ಲಿ ನಮ್ಮ ಮನೆಗೆ ಬಂದಳು. ಆಕೆಯದೂ ನೆಲದ ಮೇಲಿನ ಓಡಾಟವೇ. ಉಚ್ಚೀರಪ್ಪ ಅಳತೆಯ ದಾರ ಹಿಡಿದು ಕೂತ. ಅಂಬಕ್ಕ ಒಂದೊಂದೇ ವಿಚಾರಿಸತೊಡಗಿದಳು: ಎಲ್ಲಿ ಮಲಗತೀ, ನೀರು ಎಲ್ಲಿಂದ ತರತೀ, ಹಿಂಜುವಾಗ ಯಾವ ಕಡೆ ವಾಲತೀ?

ನಾನು ಕುರ್ಚಿಯ ಮೇಲಿನಿಂದ, ಅನುಭವಸ್ಥನಲ್ಲವೇ, "ಹಿಂದಕ್ಕ ಒರಗಾಕ ಒಂದು..." ಎಂದು ಶುರುಮಾಡಿದೆ.

"ಹಾಲಪ್ಪ, ಬೆಳಕಿಗೆ ಅಡ್ಡ ಕುಂತೀ. ಆ ಕಡೆ ಸರೀ," ಎಂದಳು ಅಂಬಕ್ಕ.

ಸರಿಯಲು ನೋಡಿದೆ. ದೊಡ್ಡ ಗಾಲಿಗಳು ಬೆನ್ನ ಹಿಂದೆ; ಕೈಗೆ ಎಟುಕಲಿಲ್ಲ. ದೊರೆಯ ಚಿತ್ರದಲ್ಲಿ ಹಿಂದೆ ನಿಂತು ತಳ್ಳುವ ಆಳೊಬ್ಬನಿದ್ದುದು ಆಗ ನೆನಪಾಯಿತು. ಸಣ್ಣ ದನಿಯಲ್ಲಿ ಮಹಾಂತಮ್ಮನನ್ನು ಕರೆದೆ.

ಅವಳು ಹಿಟ್ಟಿನ ಕೈಯಲ್ಲೇ ಬಂದಳು. ಒಂದು ಕಡೆ ತಳ್ಳಲು ಹೊರಟವಳು ಥಟ್ಟನೆ ನಿಂತು ಕೇಳಿದಳು:

"ಎಲ್ಲಿಗೆ ಹೋಗಬೇಕಂತ ಒಂದು ಮಾತು ಕೇಳಲೇನ್ರಿ, ಇಲ್ಲಾ ನನಗ ತಿಳಿದ ಕಡಿಗೆ ತಳ್ಳಲೋ?"