ಹತ್ತದ ಇಳಿಯದ ದಾರಿ

ರಾಜರ ಕಾಲದಲ್ಲೇನಲ್ಲ, ತೀರಾ ಮೊನ್ನೆಯೂ ಅಲ್ಲ. ಗುಡ್ಡಗಳಿಗೆ ಬೆನ್ನು ಹಾಕಿ ಕುಳಿತ ಒಂದೂರಿನಲ್ಲಿ ಒಬ್ಬ ದರ್ಜಿಯಿದ್ದ. ಅವನಿಗೊಬ್ಬಳು ಹೆಂಡತಿ, ಒಂದು ಹೊಲಿಗೆ ಯಂತ್ರ, ಮತ್ತು ಮದುವೆಯಾದ ಹೊಸತರಲ್ಲಿ ಕೊಟ್ಟು ಇನ್ನೂ ನಡೆಸಿಕೊಡದ ಒಂದು ಮಾತು.

"ಒಂದು ದಿನ ಪೂರ್ತಿ ನಾವಿಬ್ರೇ ನಡೆಯೋಣ. ಆ ದೊಡ್ಡ ಗುಡ್ಡದ ನೆತ್ತಿಗೆ ಹತ್ತಿಸಿ ಆಚೆ ಕಣಿವೆ ತೋರಿಸ್ತೀನಿ."

ಆ ಕಣಿವೆಯನ್ನು ಅವನೂ ಕಂಡವನಲ್ಲ. ಕಣಿವೆಯ ಮಾತಿರಲಿ, ಅದನ್ನು ಮೊದಲ ಸಲ ಕಂಡಾಗ ಅವಳ ಮುಖ ಹೇಗಾಗುತ್ತದೋ ನೋಡಬೇಕೆಂಬುದೇ ಅವನ ಆಸೆ. ಆದರೆ ಪ್ರತಿ ರಜೆಗೂ ಯಾರದೋ ಮದುವೆಯ ಬಟ್ಟೆ ಅಡ್ಡ ಬರುತ್ತಿತ್ತು. ಹಾಗೆ ಮುಂದೂಡುತ್ತ ಮುಂದೂಡುತ್ತ ಅವಳ ತಲೆಯಲ್ಲಿ ಬೆಳ್ಳನೆಯ ಎಳೆಗಳು ಕಾಣಿಸಿಕೊಂಡವು.

ಕೊನೆಗೊಂದು ಭಾನುವಾರ ಹೊರಡುವುದೆಂದಾಯಿತು. ಸುಮ್ಮನೆ ಹೊರಟುಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಕಡೆಯದಾಗಿ ಒಮ್ಮೆ ದಾರಿ ನೋಡಿಬಿಡೋಣವೆಂದು ದರ್ಜಿ ಅಂಗಡಿಯ ಬಾಗಿಲು ತೆರೆದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮ್ಯಾಪು ಹರಡಿದ. ತೆರೆದ ಬಾಗಿಲು ಕಂಡು ಸುಮ್ಮನೆ ಮುಂದೆ ಹೋಗುವವರು ಆ ಬೀದಿಯಲ್ಲಿ ಹುಟ್ಟಿಯೇ ಇರಲಿಲ್ಲ.

"ಏನ್ ಮಾಸ್ಟ್ರೇ, ಇಷ್ಟು ದೊಡ್ಡ ಬಟ್ಟೆ ಯಾವ ಭೀಮನಿಗೆ?" ಎನ್ನುತ್ತ ರಿಟೈರಾದ ಕಾಂಪೌಂಡರ್ ಒಳಗೆ ಬಂದ. ವಿಷಯ ತಿಳಿದದ್ದೇ ತಡ, "ವಾಕಿಂಗಾ? ನಾನೂ ಬರ್ತೀನಿ. ಆದ್ರೆ ಹತ್ತೋದು ಮಾತ್ರ ಆಗಲ್ಲ. ಎದೆ ಹಳೇ ಹಾರ್ಮೋನಿಯಂ ಥರ ಕುಂಯ್ ಅನ್ನುತ್ತೆ" ಎಂದ.

ಅವನ ದನಿ ಕೇಳಿ ಎದುರುಮನೆಯ ಟೀಚರಮ್ಮ ಬಂದರು. "ಹತ್ತೋದಾದ್ರೆ ಹತ್ತಿಬಿಡ್ತೀನಪ್ಪ. ಇಳಿಯೋಕೆ ಮಾತ್ರ ಮಂಡಿ ಒಪ್ಪಲ್ಲ."

ಅವರ ಹಿಂದೆಯೇ ಪಕ್ಕದ ಸ್ಟುಡಿಯೋದ ಫೋಟೋದವನು. "ನಾನು ಎಲ್ಲಿಗೆ ಬೇಕಾದ್ರೂ ರೆಡಿ. ಒಂದೇ ಕಂಡೀಷನ್ನು, ಹೋದ ದಾರೀಲಿ ವಾಪಸ್ ಬರಬಾರದು. ಒಂದೇ ಸೀನು ಎರಡು ಸಲ ನೋಡಿದ್ರೆ ನನಗೆ ತಲೆನೋವು."

ದರ್ಜಿಗೆ ಬಾರದ ಹೊಲಿಗೆಯಿರಲಿಲ್ಲ. ಬಾರದ ಮಾತು ಒಂದೇ, "ಆಗಲ್ಲ".

ನೀರಿನ ಬಾಟಲಿ ಹಿಡಿದು ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಇಬ್ರೇ ಅಂದಿದ್ರಿ..."

"ಬೇಜಾರ್ ಮಾಡ್ಕೋಬೇಡ ಕಣೇ. ದಾರೀನ ಒಂಚೂರು ಆಲ್ಟರ್ ಮಾಡಿದ್ರೆ ಎಲ್ಲರಿಗೂ ಹಿಡಿಸುತ್ತೆ."

ಮ್ಯಾಪಿನಲ್ಲಿ ಗುಡ್ಡಗಳಿಗೆ ಕಂದು ಬಣ್ಣದ ಗೆರೆಗಳಿರುತ್ತವೆ. ಒಂದೊಂದು ಗೆರೆ ಒಂದೊಂದು ಎತ್ತರ. ಒಂದೇ ಗೆರೆ ಹಿಡಿದು ನಡೆದರೆ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ! ದರ್ಜಿಯ ಕಣ್ಣು ಹೊಳೆಯಿತು. ದೊಡ್ಡ ಗುಡ್ಡದ ಗೆರೆಯೊಂದನ್ನು ಬಸ್ ಸ್ಟಾಪಿನಿಂದ ಹಿಡಿದು ಅದರ ಮೇಲೆ ಕೆಂಪು ದಾರ ಇಡುತ್ತ ಹೋದ. ಗೆರೆ ಅಂದವಾಗಿ ಬಾಗಿ ಆಚೆ ಕಣಿವೆಯತ್ತ ಸಾಗಿತ್ತು. ಮ್ಯಾಪಿನ ಉಳಿದರ್ಧ ಮಡಿಕೆಯ ಕೆಳಗಿತ್ತು, ಬಿಡಿಸಿ ನೋಡಲಿಲ್ಲ. ಜೀವಮಾನವೆಲ್ಲ ಅಂಗಿಗಳಿಗೆ ದುಂಡನೆಯ ಕತ್ತು ಕತ್ತರಿಸಿದವನಿಗೆ, ಆ ಗೆರೆ ಕೊನೆಗೆ ಎಲ್ಲಿಗೆ ಬಂದು ಸೇರುತ್ತದೆಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಬಸ್ಸಿಳಿದು ಗುಡ್ಡದ ಬದಿ ಹಿಡಿದರು. ಹತ್ತು ಹೆಜ್ಜೆ ಹೋಗುವುದರಲ್ಲಿ ಹೆಂಡತಿ, "ರೀ, ಶೂನಲ್ಲಿ ಕಲ್ಲು ಸೇರಿದೆ, ಬಂದೆ" ಎಂದು ಕುಳಿತಳು. ದರ್ಜಿ ನಿಲ್ಲಬೇಕೆಂದಿದ್ದ. ಕಾಂಪೌಂಡರ್ ತೋಳು ಹಿಡಿದೆಳೆದ. "ಲೀಡರೇ ಹಿಂದೆ ಉಳಿದ್ರೆ ಹೇಗ್ರೀ? ದಾರಿ ಗೊತ್ತಿರೋರು ನೀವೊಬ್ರೇ."

ಆಮೇಲೆ ಟೀಚರಮ್ಮನ ಛತ್ರಿ ಗಾಳಿಗೆ ಹಾರಿತು. ಅದನ್ನು ಹಿಡಿಯಹೋಗಿ ದರ್ಜಿ ಮುಳ್ಳಿನ ಪೊದೆಗೆ ಬಿದ್ದು, ಪ್ಯಾಂಟು ಬಾವುಟವಾಯಿತು. ಫೋಟೋದವನು ಅದರದ್ದೊಂದು ಫೋಟೋ ತೆಗೆದ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ದರ್ಜಿ ತಲೆ ಎಣಿಸಿದ, ಒಂದು ಕಡಿಮೆಯಿತ್ತು.

"ನಮ್ಮವಳೆಲ್ಲಿ?"

"ನಿಮ್ಮ ಜೊತೆ ಮುಂದಿದ್ದಾರೆ ಅಂದ್ಕೊಂಡೆ!" ಎಂದರು ಟೀಚರಮ್ಮ.

"ನಾನು ವಾಪಸ್ ಹೋಗ್ತೀನಿ."

"ಬಂದ ದಾರೀಲಾ? ಮಾತಾಗಿತ್ತಲ್ಲ ಮಾಸ್ಟ್ರೇ!" ಫೋಟೋದವನು ಮುಖ ಸಿಂಡರಿಸಿದ.

"ಅವರು ಜಾಣೆ ಕಣ್ರೀ, ಮನೆ ಸೇರಿರ್ತಾರೆ. ಕಣಿವೆ ಇನ್ನೇನು ಬಂತು, ಅಲ್ಲಿಂದ ಬಸ್ಸು" ಎಂದು ಕಾಂಪೌಂಡರ್ ಅವನ ಪಾಲಿನ ರೊಟ್ಟಿಯನ್ನೂ ಎತ್ತಿಕೊಂಡ.

ಆಗಲೂ "ಆಗಲ್ಲ" ಎಂಬ ಮಾತು ಅವನ ಗಂಟಲಲ್ಲೇ ಉಳಿಯಿತು. ಮುಂದೆ ನಡೆದ. ಹೂವು ಕಂಡರೂ ಅವಳು, ಹಳ್ಳ ಕಂಡರೂ ಅವಳು. ಇದನ್ನೆಲ್ಲ ಅವಳಿಗೆ ತೋರಿಸಬೇಕಿತ್ತು, ತೋರಿಸಿದ್ದು ಕಾಂಪೌಂಡರನಿಗೆ.

ಸಂಜೆಯ ಹೊತ್ತಿಗೆ ಎದುರಿಗೊಂದು ರಸ್ತೆ ಕಂಡಿತು.

"ಬಂತು ಕಣಿವೆ! ನೋಡ್ರೀ, ಇಲ್ಲೂ ನಮ್ಮಲ್ಲಿದ್ದಂಥದ್ದೇ ಬಸ್ ಸ್ಟಾಪು!" ಎಂದ ಫೋಟೋದವನು.

"ಬೆಂಚಿನ ಕಾಲೂ ಹಾಗೇ ಮುರಿದಿದೆ. ಎಲ್ಲಾ ಕಡೆ ಒಂದೇ ಹಣೇಬರಹ" ಎಂದ ಕಾಂಪೌಂಡರ್.

"ಅಯ್ಯೋ, ಅಲ್ಲೊಬ್ರು ಕೂತಿದ್ದಾರೆ, ಥೇಟ್ ನಿಮ್ಮ ಮನೆಯವರ ಥರಾನೇ!" ಎಂದರು ಟೀಚರಮ್ಮ.

ದರ್ಜಿ ಓಡಿದ. "ನೀನು ಇಲ್ಲಿಗೆ ಯಾವಾಗ ಬಂದೆ?"

"ನಾನೆಲ್ಲಿಗೆ ಬರ್ಲಿ? ನೀವೇ ಸುತ್ತು ಹಾಕ್ಕೊಂಡು ಬಂದಿದ್ದು."

ದರ್ಜಿ ಬೆಂಚಿನ ಮೇಲೆ ಕುಸಿದ. ಉಳಿದವರಿಗೆ ಮಾತ್ರ ಪರಮಾನಂದ.

"ಹತ್ತಲೇ ಇಲ್ಲ!"

"ಇಳೀಲೂ ಇಲ್ಲ!"

"ಹೋದ ದಾರೀಲಿ ವಾಪಸ್ಸೂ ಬರಲಿಲ್ಲ! ಅಳತೆ ತಗೊಂಡು ಹೊಲಿದಂಗಿತ್ತು ಮಾಸ್ಟ್ರೇ. ಇನ್ಮೇಲೆ ಪ್ರತಿ ಭಾನುವಾರ ನೀವೇ ಲೀಡರು!"

ಅವರು ರಸ್ತೆಯತ್ತ ಹೋದ ಮೇಲೆ ದರ್ಜಿ ತಗ್ಗಿದ ದನಿಯಲ್ಲಿ ಹೇಳಿದ, "ತಪ್ಪಾಯ್ತು ಕಣೇ. ಇವರ ಕಣ್ಣು ತಪ್ಪಿಸಿ ಇನ್ನೊಂದಿನ ನಿನ್ನನ್ನ ಮೇಲೆ ಕರ್ಕೊಂಡು ಹೋಗ್ತೀನಿ."

"ಬೇಡ ಬಿಡಿ. ನೋಡಿದೆ."

"ಏನನ್ನ?"

"ಆಚೆ ಕಣಿವೇನ. ತಿರುಗಿ ನೋಡ್ತೀರೇನೋ ಅಂತ ಕಾಯ್ತಾ ಕೂತಿದ್ದೆ. ಅಷ್ಟರಲ್ಲಿ ಒಂದು ಮೇಕೆ ನೆಟ್ಟಗೆ ಮೇಲಕ್ಕೆ ಹೊರಡ್ತು. ಅದರ ಹಿಂದೆ ನಾನೂ ಹತ್ತಿದೆ. ನೆತ್ತಿ ಮೇಲಿಂದ ನೀವೆಲ್ಲ ಕಾಣ್ತಿದ್ರಿ ರೀ, ಇರುವೆ ಸಾಲಿನ ಹಾಗೆ. ಎಷ್ಟು ಕೂಗಿದೆ! ಒಬ್ರಾದ್ರೂ ಮೇಲೆ ನೋಡಬೇಕಲ್ಲ."

ದರ್ಜಿ ತಲೆಯೆತ್ತಿ ಗುಡ್ಡದ ನೆತ್ತಿಯನ್ನು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, "ಹೇಗಿತ್ತು?"

ಅವಳು ಹೇಳಲು ಬಾಯಿ ತೆರೆದಳು. ಕೈಯೆತ್ತಿ ತೋರಿಸಲೆಂದು ಗುಡ್ಡದ ಕಡೆಗೆ ತಿರುಗಿದಳು. ಕಂಡದ್ದೆಲ್ಲ ಮುಖಕ್ಕೆ ಮರಳಿ ಬರುತ್ತಿರಬೇಕು. ಅದನ್ನು ನೋಡಲೆಂದು ದರ್ಜಿ ಮುಂದಕ್ಕೆ ಬಾಗುವುದಕ್ಕೂ, ಕಾಂಪೌಂಡರ್ ಇಬ್ಬರ ನಡುವೆ ತಲೆ ತೂರಿಸುವುದಕ್ಕೂ ಸರಿಹೋಯಿತು.

"ಏಳಿ ಏಳಿ ಮಾಸ್ಟ್ರೇ, ಬಸ್ ಬಂತು!"