ಬೀರು ಹೋದ ದಾರಿ

ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ತಪ್ಪು ಒಪ್ಪಿಕೊಳ್ಳುವ ರೂಢಿಯೇ ಬಿಟ್ಟುಹೋಗಿರುತ್ತದೆ. ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಭೂವಿಜ್ಞಾನದ ಮೇಷ್ಟರು. ಕಲ್ಲಿನ ಬಗ್ಗೆ ನಾನೇನು ಹೇಳಿದರೂ ಕಲ್ಲು ಎದುರುತ್ತರ ಕೊಡುವುದಿಲ್ಲ. ವಿದ್ಯಾರ್ಥಿಗಳೂ ಹೆಚ್ಚುಕಮ್ಮಿ ಹಾಗೆಯೇ. ಮನೆಯಲ್ಲಿ ಮಾತ್ರ ಈ ಸೌಕರ್ಯವಿಲ್ಲ.

ನನ್ನ ಅಚ್ಚುಮೆಚ್ಚಿನ ಪಾಠವೆಂದರೆ ಸ್ತರಭಂಗದ ಗೀರುಗಳದ್ದು. ಬಂಡೆ ಸೀಳಿ ಒಂದು ಪಾಲು ಇನ್ನೊಂದರ ಮೇಲೆ ಜಾರಿದಾಗ ಅಲ್ಲಿ ಗೀರುಗಳು ಉಳಿಯುತ್ತವೆ. ಅಂಗೈಯಿಂದ ಸವರಬೇಕು, ಯಾವ ಕಡೆಗೆ ನುಣುಪೋ ಆ ಕಡೆಗೆ ಮೇಲಿನ ಪಾಲು ಜಾರಿದೆ, ಅಷ್ಟೇ. ಭದ್ರಾವತಿ ರಸ್ತೆ ಪಕ್ಕದ ಹಳೇ ಕ್ವಾರಿಯಲ್ಲಿ ನಾನು ಬೆಕ್ಕಿನ ಬೆನ್ನು ಸವರುವಂತೆ ಕಲ್ಲು ಸವರುವುದನ್ನು ನೋಡಲು ಲಾರಿ ಡ್ರೈವರುಗಳೂ ನಿಲ್ಲುತ್ತಿದ್ದರು.

ತೊಂಬತ್ತರ ದಶಕದ ಒಂದು ಪ್ರಾಕ್ಟಿಕಲ್ ಪರೀಕ್ಷೆ. ಜನ್ನಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ವೇದಾವತಿ ಎಂಬ ವಿದ್ಯಾರ್ಥಿನಿ ಹೀಗೆ ಬರೆದಿದ್ದಳು: "ಗೀರು ಕೊನೆಯ ಜಾರಿಕೆಯನ್ನಷ್ಟೇ ಹೇಳುತ್ತದೆ. ಅದಕ್ಕೂ ಮೊದಲು ಬಂಡೆ ಬೇರೆ ಕಡೆಗೆ ಹೋಗಿರಬಹುದು. ಅಂಗೈ ಒಂದನ್ನೇ ನಂಬಲಾಗದು." ನನ್ನ ಅಂಗೈಯನ್ನೇ! ಹತ್ತಕ್ಕೆ ಮೂರು ಕೊಟ್ಟೆ.

ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. "ಸರ್, ಫಸ್ಟ್ ಕ್ಲಾಸ್ ಬರ್ಲಿಲ್ಲ ಅಂದ್ರೆ ಎಂಎಸ್ಸಿ ಸೀಟ್ ಸಿಗಲ್ಲ. ಸೀಟ್ ಸಿಗದಿದ್ರೆ ಮನೇಲಿ ಮದುವೆ ಮಾಡಿ ಮುಗಿಸ್ತಾರೆ. ಇನ್ನೊಂದ್ಸಲ ನೋಡ್ತೀರಾ?"

"ನೋಡಾಯ್ತಮ್ಮ," ಎಂದೆ. ಅಂಕಪಟ್ಟಿ ಮರುದಿನ ಹೋಗಬೇಕಿತ್ತು.

ಸಂಜೆ ಹೊಸಮನೆಯ ನಮ್ಮ ಬಾಡಿಗೆ ಮನೆಗೆ ಬಂದರೆ, ಕೆಂಪು ಸಿಮೆಂಟಿನ ನೆಲದ ಮೇಲೆ ಬೀರುವಿನ ಕಾಲಿನಿಂದ ಕಿಟಕಿಯವರೆಗೆ ಹೊಸ ಗೀರು. ಬಿಡುತ್ತೇನೆಯೇ? ಕುಕ್ಕರಗಾಲಲ್ಲಿ ಕೂತು ಸವರಿ, ಹೆಂಡತಿಗೆ ಸಾರಿದೆ: "ಗಿರಿಜಾ, ಈ ಬೀರು ಕಿಟಕಿ ಕಡೆಯಿಂದ ಇಲ್ಲಿಗೆ ಬಂದಿದೆ!"

"ಕಿಟಕಿ ಹತ್ರ ನಮ್ಮ ಬೀರು ಯಾವಾಗ್ರೀ ಇತ್ತು?" ಎಂದಳು. "ಬೆಳಿಗ್ಗೆ ನಾನೇ ಅಲ್ಲಿಗೆ ಎಳ್ದೆ. ಅದರ ಬಾಗ್ಲು ಮಂಚಕ್ಕೆ ತಾಗ್ತಿತ್ತು, ವಾಪಸ್ ಎಳ್ದೆ. ಬಂದಿದ್ದು ಗೊತ್ತಾಯ್ತು, ಹೋಗಿದ್ದು ಗೊತ್ತಾಗ್ಲಿಲ್ವಾ? ಏಳಿ ಮಾರಾಯ್ರೇ, ಕಾಫಿ ಆರುತ್ತೆ."

ಏಳಲಾಗಲಿಲ್ಲ. ವೇದಾವತಿಯ ಉತ್ತರ ನನ್ನ ಮನೆಯ ನೆಲದ ಮೇಲೇ ಬರೆದಿತ್ತು. ತುಂಬಾ ನಾಚಿಕೆಯಾಯಿತು. ಹೆಂಡತಿಯ ಮುಂದಲ್ಲ, ಅದು ರೂಢಿಯಾಗಿದೆ. ಆ ಹುಡುಗಿ ಬಾಗಿಲಲ್ಲಿ ನಿಂತದ್ದು ನೆನಪಾಗಿ.

ಬೆಳಿಗ್ಗೆ ಹೋದವನೇ ಪಟ್ಟಿಯಲ್ಲಿ ಮೂರನ್ನು ಹೊಡೆದುಹಾಕಿ ಒಂಬತ್ತು ಬರೆದೆ. ಪ್ರಾಂಶುಪಾಲರು ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಿ ಎಂದರು. "ಮೇಷ್ಟರ ತಪ್ಪು" ಎಂದು ಬರೆದೆ. ಮನಸ್ಸು ಹಗುರಾಯಿತು.

ವೇದಾವತಿಯನ್ನು ಕರೆದು ಹೇಳಿದೆ. ಕಣ್ಣಲ್ಲಿ ನೀರು ತುಂಬಿಕೊಂಡು, "ತುಂಬಾ ಥ್ಯಾಂಕ್ಸ್ ಸರ್," ಎಂದಳು. ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. "ಸರ್, ಆ ಒಂದು ಮಾರ್ಕು ಯಾಕೆ ಹೋಯ್ತು?"

ಅದನ್ನು ನನ್ನ ಅಂಗೈಯ ಮರ್ಯಾದೆಗೆಂದು ಉಳಿಸಿಕೊಂಡಿದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ.